ವರದಮ್ಮನ ಹನ್ನೊಂದನೆಯ ನಾಯಿ

ಬೆಳಗಿನ ಐದೂವರೆ. ಶಿಕಾರಿಪುರದ ಹೊಸ ಬಡಾವಣೆಯ ಮನೆಯೊಂದರ ಹಿಂಬಾಗಿಲು ತೆರೆಯುತ್ತದೆ. ಒಂದು ಕೈಯಲ್ಲಿ ಬಿಳಿ ಪಮೇರಿಯನ್ ಮರಿ, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ವರದಮ್ಮ ಹಿತ್ತಲಿಗೆ ಬರುತ್ತಾರೆ. ಬಟ್ಟೆಯನ್ನು ನುಗ್ಗೆಗಿಡದ ಬುಡದಲ್ಲಿ ಹಾಸಿ ಮರಿಯನ್ನು ಅದರ ಪಕ್ಕ ಇಳಿಸುತ್ತಾರೆ. ಮರಿ ಹಿಂದಿನ ದಿನ ಹಾಲ್‌ನಲ್ಲಿ ಮಾಡಿದ ಉಚ್ಚೆಯನ್ನು ಒರೆಸಿದ ಬಟ್ಟೆ ಅದು. "ವಾಸ್ನೆ ಸಿಕ್ಕಿದ್ರೆ ಜಾಗ ಗೊತ್ತಾಗುತ್ರೀ. ನಾವು ಬಾಯಲ್ಲಿ ಹೇಳಿದ್ದು ಅದಕ್ಕೇನು ತಿಳಿಯುತ್ತೆ" ಎನ್ನುತ್ತಾರೆ.

ಮರಿ ಮೂಸುತ್ತದೆ, ಎರಡು ಸುತ್ತು ಹಾಕುತ್ತದೆ. ಎಂಟು ನಿಮಿಷದ ಮೇಲೆ ಹಿಂಗಾಲು ಮಡಿಸಿ ಕೂರುತ್ತದೆ. ಅದು ಏಳುವ ಮೊದಲೇ ವರದಮ್ಮ "ಜಾಣೆ, ಜಾಣೆ" ಎಂದು ಕತ್ತು ಸವರಿ ಒಂದು ಹುರಿಗಡಲೆ ಬಾಯಿಗಿಡುತ್ತಾರೆ. ತಡ ಮಾಡಿದರೆ ಯಾವುದಕ್ಕೆ ಹೊಗಳಿದ್ದೆಂದು ಮರಿಗೆ ತಿಳಿಯುವುದಿಲ್ಲವಂತೆ. ಇಬ್ಬರೂ ಒಳಗೆ ಹೋಗಿ ಹತ್ತು ನಿಮಿಷವಾಗಿಲ್ಲ, ಸೋಫಾದ ಕಾಲಿನ ಬಳಿ ಅಂಗೈಯಗಲ ಒದ್ದೆ. ಮರಿ ಪಕ್ಕದಲ್ಲೇ ಬಾಲ ಅಲ್ಲಾಡಿಸುತ್ತ ನಿಂತಿದೆ. ವರದಮ್ಮ ಬೈಯುವುದಿಲ್ಲ. ಮಂಡಿಯೂರಿ ಒರೆಸುತ್ತಾರೆ. "ಐದಕ್ಕೆ ಬಂದಿದೀನಿ. ಇದು ಮೂರನೇದು."

ವರದಮ್ಮನಿಗೆ ಈಗ ನಲವತ್ತೊಂಬತ್ತು. ನಾಲ್ಕು ಮನೆಗಳಲ್ಲಿ ಕಸ ಮುಸುರೆ ಅವರ ಕೆಲಸ. ಆದರೆ ಈ ಬಡಾವಣೆಯಲ್ಲಿ ಯಾರು ನಾಯಿಮರಿ ತಂದರೂ ಮೊದಲು ಕೇಳುವುದು ಅವರನ್ನೇ. ಆರು ವರ್ಷದಲ್ಲಿ ಹತ್ತು ಮರಿಗಳಿಗೆ ಹೊರಗೆ ಹೋಗುವುದನ್ನು ಕಲಿಸಿದ್ದಾರೆ. ಹದಿನೈದು ದಿನಕ್ಕೇ ಕಲಿತದ್ದಿದೆ, ಎರಡು ತಿಂಗಳು ಹಿಡಿದದ್ದೂ ಇದೆ. ಕಲಿಯದೇ ಉಳಿದದ್ದು ಒಂದೂ ಇರಲಿಲ್ಲ. ಇದನ್ನು ಕೆಲಸವೆಂದು ಯಾರೂ ಕರೆಯುವುದಿಲ್ಲ. ನಾಯಿಯ ಮಾಲೀಕರು ನೆಂಟರ ಮುಂದೆ "ನಮ್ಮ ನಾಯಿ ಭಾರಿ ಬುದ್ಧಿವಂತ" ಎನ್ನುವಾಗ ವರದಮ್ಮ ಒಳಗೆ ಪಾತ್ರೆ ತೊಳೆಯುತ್ತಿರುತ್ತಾರೆ.

ವಿದ್ಯೆ ಬಂದದ್ದು ಅಪ್ಪನಿಂದ. ಸೊರಬ ತಾಲ್ಲೂಕಿನ ಹೊಸಬಾಳೆಯಲ್ಲಿ ಕುರಿ ಸಾಕುತ್ತಿದ್ದ ದೊಡ್ಡಬೀರಪ್ಪನವರು ಹಟ್ಟಿಯ ನಾಯಿಗಳಿಗೆ ಒಮ್ಮೆಯೂ ಕೋಲು ಎತ್ತಿದವರಲ್ಲ. "ಎದ್ದ ಕೂಡ್ಲೆ, ಉಂಡ ಕೂಡ್ಲೆ, ಆಡಿದ ಕೂಡ್ಲೆ. ಮರಿನ ಈ ಮೂರು ಹೊತ್ತು ಹೊರಗೆ ಬಿಟ್ರೆ ಮುಗೀತು ಅಂತಿದ್ರು ನಮ್ಮಪ್ಪ. ಮಲಗೋ ಜಾಗದಲ್ಲಿ ಮಾತ್ರ ಯಾವ ನಾಯೀನೂ ಮಾಡ್ಕೊಳ್ಳಲ್ಲ ಅಂತಲೂ ಹೇಳಿದ್ರು."

ಹನ್ನೊಂದನೆಯದು ಈ ಮಿಂಟಿ. ಗೊಬ್ಬರದ ಅಂಗಡಿಯ ಮಲ್ಲಿಕಾರ್ಜುನ್ ಮತ್ತು ಅವರ ಹೆಂಡತಿ ಸೌಂದರ್ಯ ಶಿವಮೊಗ್ಗದಿಂದ ಆಸೆಪಟ್ಟು ತಂದ ಮರಿ. ವರದಮ್ಮನ ಬಗ್ಗೆ ಬರೆಯಲೆಂದು ನಾನು ಮೊದಲ ಸಲ ಹೋದಾಗ ಅದಕ್ಕೆ ಐದು ತಿಂಗಳು, ವರದಮ್ಮನ ಕೈಗೆ ಬಂದು ಏಳು ವಾರ. ದಿನಕ್ಕೆ ಹನ್ನೆರಡರಿಂದ ಹದಿನಾಲ್ಕು ಸಲ ನೆಲ ಒರೆಸಬೇಕು. ಉಳಿದ ಮೂರು ಮನೆಗಳ ನಡುವೆ ಬಿಡುವು ಮಾಡಿಕೊಂಡು ಅವರು ಐದು ಬಾರಿ ಇಲ್ಲಿಗೆ ಓಡಿ ಬರುತ್ತಾರೆ. ಫಿನಾಯಿಲ್ ಬಿಟ್ಟು ನಿಂಬೆಹಣ್ಣಿನ ನೀರಿನಲ್ಲಿ ಒರೆಸಿ ನೋಡಿದ್ದಾರೆ. ಊಟದ ಹೊತ್ತು ಬದಲಿಸಿದ್ದಾರೆ. ನೀರಿನ ಬಟ್ಟಲನ್ನು ಸಂಜೆ ಎತ್ತಿಟ್ಟಿದ್ದಾರೆ. ನಾಲ್ಕನೆಯ ವಾರ ಒಂದು ದಿನ ಸುತ್ತಿದ ಪೇಪರಿನಿಂದ ಹೊಡೆದೂ ಇದ್ದಾರೆ.

ಅದನ್ನು ಹೇಳುವಾಗ ಅವರ ದನಿ ಇಳಿಯುತ್ತದೆ. "ಹೊಡೆದ ಕೈನೇ ಬಂದು ನೆಕ್ತು. ಅವತ್ತು ಮನೆಗೆ ಹೋಗಿ ಊಟ ಸೇರ್ಲಿಲ್ಲ."

ಮನೆಯವರನ್ನೂ ಪೂರ್ತಿ ದೂರುವಂತಿಲ್ಲ. ಮಲ್ಲಿಕಾರ್ಜುನ್ ಅವರ ತಾಯಿ ಬಸವಣ್ಣೆಮ್ಮನವರಿಗೆ ಎಪ್ಪತ್ತೆರಡು. ಬೆಳಿಗ್ಗೆ ಮಿಂದು ಲಿಂಗಪೂಜೆಗೆ ಹೋಗುವಾಗ ದೇವರಮನೆಯ ಹೊಸ್ತಿಲ ಬಳಿ ಒದ್ದೆ ತುಳಿದು ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. "ಎಡಗೈಲಿ ಪೂಜೆ ಮಾಡೋ ಹಂಗಾತು ನೋಡ್ರಿ" ಎಂದು ಪಟ್ಟಿ ಕಟ್ಟಿದ ಕೈ ತೋರಿಸುತ್ತಾರೆ. "ನಂಗೂ ಅದರ ಮ್ಯಾಲೆ ಸಿಟ್ಟಿಲ್ಲ. ಆದ್ರ ಇನ್ನೊಂದ್ಸಲ ಬಿದ್ರೆ ನಾ ಏಳಂಗಿಲ್ಲ." ಅಂದೇ ಮಲ್ಲಿಕಾರ್ಜುನ್ ಮಾತು ಮುಗಿಸಿದ್ದರು. ತಿಂಗಳೊಳಗೆ ಕಲಿಯಬೇಕು, ಇಲ್ಲದಿದ್ದರೆ ಮರಿ ಈ ಮನೆಯಲ್ಲಿ ಇರಬಾರದು.

ಮಧ್ಯಾಹ್ನ ವರದಮ್ಮನ ಜೊತೆ ಅವರ ಮನೆಗೆ ಹೋಗುತ್ತೇನೆ. ಒಂದು ಕೋಣೆ, ಒಂದು ಅಡುಗೆಮನೆ. ಮಂಚದ ಮೇಲೆ ಅವರ ಗಂಡ ಚಂದ್ರಶೇಖರಪ್ಪ. ಏಳು ವರ್ಷದ ಹಿಂದೆ ಹೆಂಚು ಹೊದಿಸುವಾಗ ಮಾಡಿನಿಂದ ಬಿದ್ದರು. ಅಂದಿನಿಂದ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಮಲಮೂತ್ರ ಅವರ ಅರಿವಿಗೇ ಬರುವುದಿಲ್ಲ. ದಿನಕ್ಕೆ ಆರು ದುಪ್ಪಟಿ ಒಗೆಯಬೇಕು. ಇದನ್ನೆಲ್ಲ ಬರೆಯಬೇಕೋ ಬೇಡವೋ ಎಂದು ನಾನು ಪೆನ್ನು ತಡೆದಾಗ ಅವರೇ ಹೇಳುತ್ತಾರೆ: "ಬರೀರಿ. ಅವಳು ಏನು ಮಾಡ್ತಾಳೆ ಅಂತ ಊರಿಗೆ ಗೊತ್ತಾಗ್ಲಿ."

ಒಗೆದ ದುಪ್ಪಟಿ ಹಿಂಡುತ್ತ ವರದಮ್ಮ ಮಾತಾಡುತ್ತಾರೆ. "ಗಂಡನ್ನ ನಾಯಿಗೆ ಹೋಲಿಸ್ತಿಲ್ರೀ. ಆದ್ರೆ ಹಿಡ್ಕೊಳ್ಳೋದು ಕೈಲಿಲ್ದವರನ್ನ ನೋಡಿ ನೋಡಿ ನಂಗೆ ಗೊತ್ತು. ಮೊನ್ನೆ ಮಿಂಟಿ ಮಲಗಿದ್ದಾಗ ಅದಕ್ಕೆ ಹಾಸಿದ್ದ ಗೋಣಿ ಮುಟ್ಟಿ ನೋಡ್ದೆ, ಒದ್ದೆ. ಅದು ಎಚ್ಚರನೇ ಆಗಿರ್ಲಿಲ್ಲ. ನಮ್ಮಪ್ಪ ಹೇಳಿದ್ದಕ್ಕೆ ಇದು ಕೂಡಲ್ಲ. ಇದಕ್ಕೆ ಏನೋ ಆಗಿದೆ."

ಆ ಭಾನುವಾರ ಅವರು ಮಿಂಟಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಸೊರಬದ ಬಸ್ಸು ಹತ್ತುತ್ತಾರೆ. ತವರಿನ ಕುರಿಗಳಿಗೆ ಔಷಧ ಕೊಡುವ ಪಶುವೈದ್ಯೆ ಅಶ್ವಿನಿ ಅಲ್ಲಿದ್ದಾರೆ. ಶಿರಾಳಕೊಪ್ಪ ದಾಟುವಷ್ಟರಲ್ಲಿ ಬುಟ್ಟಿ ಸೋರಿ ವರದಮ್ಮನ ಸೀರೆ ತೊಯ್ಯುತ್ತದೆ. ಪಕ್ಕದ ಸೀಟಿನವರು ಎದ್ದು ಹೋಗುತ್ತಾರೆ. ಅವರು ಸೆರಗನ್ನು ಮಡಿಲ ಮೇಲೆ ಎಳೆದುಕೊಂಡು ಕಿಟಕಿಯಾಚೆ ನೋಡುತ್ತ ಕೂರುತ್ತಾರೆ.

ಅಶ್ವಿನಿ ಮರಿಯನ್ನು ಮೇಜಿನ ಮೇಲೆ ಮಲಗಿಸಿ ಬಹಳ ಹೊತ್ತು ಪರೀಕ್ಷಿಸುತ್ತಾರೆ. ಬಾಲದ ಕೆಳಗಿನ ಕೂದಲು ಸದಾ ಒದ್ದೆಯಾಗಿ ಚರ್ಮ ಕೆಂಪಗಾಗಿದೆ. "ವರದಮ್ಮ, ಇದು ಹುಟ್ಟಿನಿಂದಲೇ ಬಂದ ದೋಷ ಅನ್ಸುತ್ತೆ. ಮೂತ್ರದ ನಾಳ ಚೀಲಕ್ಕೆ ಸೇರೋ ಬದಲು ಬೇರೆ ಕಡೆ ಸೇರಿದೆ. ಅದಕ್ಕೆ ನಿಲ್ಲೋದೇ ಇಲ್ಲ, ಸೋರ್ತಾನೇ ಇರುತ್ತೆ. ಸ್ಕ್ಯಾನ್ ಮಾಡಿದ್ರೆ ಖಚಿತ ಆಗುತ್ತೆ. ಆಪರೇಷನ್ ದೊಡ್ಡ ಊರಲ್ಲೇ ಆಗ್ಬೇಕು, ಆದ್ರೂ ಪೂರ್ತಿ ಸರಿಹೋಗುತ್ತೆ ಅಂತ ಹೇಳಕ್ಕಾಗಲ್ಲ."

"ಹಂಗಾದ್ರೆ ನಾನು ಕಲಿಸಿದ್ದು?"

"ಅದು ಕಲಿತಿದೆ. ಹಿತ್ತಲಲ್ಲಿ ಕೂರುತ್ತೆ ಅಂದ್ರಲ್ಲ, ಅಷ್ಟೇ ಅದರ ಕೈಲಾಗೋದು."

ವಾಪಸು ಬರುವಾಗ ವರದಮ್ಮನಿಗೆ ಸಮಾಧಾನವೇ ಇತ್ತಂತೆ. ತಪ್ಪು ಮರಿಯದಲ್ಲ ಎಂದು ಗೊತ್ತಾದರೆ ಮನೆಯವರು ಮನಸ್ಸು ಬದಲಿಸುತ್ತಾರೆ ಎಂದುಕೊಂಡಿದ್ದರು. ಸಂಜೆ ವರದಮ್ಮ ಸೌಂದರ್ಯ ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಸೌಂದರ್ಯ ಅತ್ತರು. ಮಲ್ಲಿಕಾರ್ಜುನ್, "ಅಂದ್ರ ಇದು ಯಾವತ್ತೂ ಕಲಿಯಂಗಿಲ್ಲ ಅಂತಾತಲ್ಲ" ಎಂದರು. ಕಲಿಯಬಹುದು ಎನ್ನುವ ಆಸೆಯೊಂದೇ ಆ ಮರಿಯನ್ನು ಅಲ್ಲಿ ಉಳಿಸಿತ್ತು. ಅದನ್ನು ವರದಮ್ಮ ತಮ್ಮ ಬಾಯಿಂದಲೇ ತೆಗೆದುಬಿಟ್ಟಿದ್ದರು.

ಮರಿಯನ್ನು ತಾವೇ ಸಾಕುವ ಮಾತನ್ನು ಎರಡು ದಿನ ಅವರು ಗಂಡನ ಮುಂದೆ ಎತ್ತಲಿಲ್ಲ. ಇರುವುದು ಒಂದೇ ಕೋಣೆ, ಗಂಡನ ಬೆನ್ನಿಗೆ ಹಾಸಿಗೆ ಹುಣ್ಣು. ಅಲ್ಲಿಗೆ ಸದಾ ಸೋರುವ ನಾಯಿಯನ್ನು ತರುವುದು ಹೇಗೆ? ಮೂರನೆಯ ದಿನ ಚಂದ್ರಶೇಖರಪ್ಪನವರೇ ಕೇಳಿದರು, ಏನು ಯೋಚನೆ ಎಂದು. ಕೇಳಿದ ಮೇಲೆ ವರದಮ್ಮ ಎಲ್ಲ ಹೇಳಿದರು. "ಕರ್ಕೊಂಡು ಬಾ. ನಮ್ಮಿಬ್ರದ್ದೂ ಬಟ್ಟೆ ಒಟ್ಟಿಗೇ ಒಗೆದ್ರಾಯ್ತು" ಎಂದು ಗಂಡ ನಕ್ಕರಂತೆ.

ಮಾರನೆಯ ಬೆಳಿಗ್ಗೆ ಐದಕ್ಕೆ ವರದಮ್ಮ ಬುಟ್ಟಿ ಹಿಡಿದೇ ಹೋದರು. ಹಿಂಬಾಗಿಲ ಬಳಿ ಮಿಂಟಿಯ ಗೋಣಿ ಇರಲಿಲ್ಲ. ನೆಲ ಒಣಗಿತ್ತು. ಹಿಂದಿನ ಸಂಜೆ ಅಂಗಡಿ ಕೆಲಸಕ್ಕೆ ಹೊರಟ ಮಲ್ಲಿಕಾರ್ಜುನ್ ಮರಿಯನ್ನು ಕಾರಿನಲ್ಲಿ ಕರೆದೊಯ್ದು ಬಳ್ಳಿಗಾವಿಯ ಗುಡಿಯೊಂದರ ಹತ್ತಿರ ಬಿಟ್ಟು ಬಂದಿದ್ದರು. "ಅಲ್ಲಿ ಜನ ಬಂದು ಹೋಗಿ ಮಾಡ್ತಾರ, ಚಂದದ ಮರಿ, ಯಾರಾದ್ರೂ ಸಾಕ್ಕೊಂತಾರ ಅಂದ್ಕೊಂಡೆ" ಎಂದು ಅವರು ನನಗೂ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ವರದಮ್ಮ ನಾಲ್ಕು ಭಾನುವಾರ ಬಳ್ಳಿಗಾವಿಗೆ ಹೋದರು. ಹೊಲಕ್ಕೆ ಹೊರಟವರನ್ನು, ಹೋಟೆಲಿನವರನ್ನು, ಉಡುತಡಿಯ ದಾರಿಯಲ್ಲಿ ಸಿಕ್ಕವರನ್ನು ಕೇಳಿದರು. ಬಿಳಿ ಮರಿಯೊಂದು ಎರಡು ದಿನ ಗುಡಿಯ ಮೆಟ್ಟಿಲ ಮೇಲೆ ಮಲಗಿತ್ತು ಎಂದು ಹೂ ಮಾರುವ ಹೆಂಗಸೊಬ್ಬರು ನೆನಪಿಸಿಕೊಂಡರು. ಕಾರು ನಿಂತಾಗಲೆಲ್ಲ ಓಡಿ ಹೋಗುತ್ತಿತ್ತಂತೆ. ಆಮೇಲೆ ಕಂಡವರಿಲ್ಲ.

ಮಲ್ಲಿಕಾರ್ಜುನ್ ಅವರ ಮನೆಯಲ್ಲಿ ವರದಮ್ಮ ಈಗಲೂ ಕಸ ಗುಡಿಸುತ್ತಾರೆ. ಬಿಟ್ಟರೆ ನಡೆಯುವುದಿಲ್ಲ. ಸೋಫಾದ ಕಾಲಿನ ಬಳಿ ಬಂದಾಗ ಕೈ ತಾನಾಗಿ ನೆಲ ಮುಟ್ಟಿ ನೋಡುತ್ತದೆ. "ಡಾಕ್ಟ್ರ ಹತ್ರ ಹೋಗ್ದೇ ಇದ್ದಿದ್ರೆ ಇನ್ನೊಂದು ಹದಿನೈದು ದಿನ ಇರ್ತಿತ್ತು. ನಮ್ಮವರನ್ನ ಎರಡು ದಿನ ಮುಂಚೆ ಕೇಳಿದ್ರೆ ನಮ್ಮನೇಲೇ ಇರ್ತಿತ್ತು." ಇದನ್ನು ಅವರು ನನ್ನೊಬ್ಬನ ಮುಂದೆಯೇ ಮೂರು ಸಲ ಹೇಳಿದ್ದಾರೆ.

ಕಳೆದ ವಾರ ಹಿಂದಿನ ಬೀದಿಯ ನಿವೃತ್ತ ಮೇಷ್ಟ್ರು ಈಶ್ವರ್ ಹೊಸ ಮರಿ ತಂದಿದ್ದಾರೆ. ಕರೆ ಬಂದಿದೆ, ವರದಮ್ಮ ಹೋಗುತ್ತಿದ್ದಾರೆ. ಅದೂ ಮನೆಯೊಳಗೇ ಮಾಡುತ್ತಿದೆ. ಮೊದಲು ಡಾಕ್ಟರಿಗೆ ತೋರಿಸಿ ಎನ್ನಲು ಬಾಯಿ ಬರುತ್ತಿಲ್ಲ, ಎನ್ನದೆ ಇರಲು ಮನಸ್ಸು ಬರುತ್ತಿಲ್ಲ. ದಿನಕ್ಕೆರಡು ಸಲ ಆ ಮರಿ ಮಲಗಿದ ಜಾಗ ಮುಟ್ಟಿ ನೋಡಿ ಸುಮ್ಮನೆ ಬರುತ್ತಾರೆ.

ಹೊರಡುವ ಮುನ್ನ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ದುಪ್ಪಟಿಯನ್ನು ತಂತಿಯ ಮೇಲೆ ಹರವುತ್ತಿದ್ದವರು ಅಂಚು ಎಳೆದು ಸರಿಮಾಡುತ್ತಾರೆ.

"ಎಲ್ಲೋ ಯಾರ ಮನೇಲೋ ಇದೆ ಅಂತ ಗೊತ್ತಾದ್ರೆ ಸಾಕ್ರೀ. ಒಳಗೆ ಮಾಡ್ತದೋ ಹೊರಗೆ ಮಾಡ್ತದೋ, ನಾನು ಕೇಳಲ್ಲ."