‘ಬಂದೆ’ ಎನ್ನುತ್ತಿದ್ದ ನರ್ಸಮ್ಮ

ಮೊನ್ನೆ ನಾನು ಕೇಳಿದ ಸೋಪು ಮುಗಿದಿದೆಯೆಂದು ಅಂಗಡಿಯವರು ಕೆಂಪು ಕಾರ್ಬಾಲಿಕ್ ಸೋಪು ಕೊಟ್ಟು ಕಳಿಸಿದರು. ಮನೆಗೆ ಬಂದು ಕಾಗದ ಬಿಚ್ಚಿದೆ, ಅಷ್ಟೇ... ಆ ವಾಸನೆಗೆ, ಸದಾ ಅದೇ ಸೋಪಿನಲ್ಲಿ ಕೈ ತೊಳೆಯುತ್ತಿದ್ದ ಪಕ್ಕದ ಮನೆಯ ನರ್ಸಮ್ಮ ಬಂದು ನಿಂತ ಹಾಗಾಯಿತು.

ಸರಸ್ವತಿಪುರಂನಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾಗಿ ಒಬ್ಬರೇ ಇದ್ದ ಆಕೆ ಸುತ್ತಲ ಹಳ್ಳಿಗಳಿಗೆ ಹೆರಿಗೆ ಮಾಡಿಸಲು ಹೋಗುತ್ತಿದ್ದರು. ಗೇಟಿನ ಹತ್ತಿರ ಯಾರು ಕೂಗಿದರೂ, ಯಾರು, ಏನು ಎಂದು ಕೇಳುವ ಮೊದಲೇ ಒಳಗಿನಿಂದ ‘ಬಂದೆ’ ಎನ್ನುವರು. ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆಯ ನಡುವೆ ಎದ್ದು ಹೋದದ್ದೂ ಉಂಟಂತೆ. ಕರೆಯುವವನು ದೇವರು, ಮುಂದಿನದನ್ನೂ ಅವನೇ ನೋಡಿಕೊಳ್ಳುತ್ತಾನೆ ಎಂಬುದು ಆಕೆಯ ನಂಬಿಕೆ.

ನಾನಾಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ಕೊಬ್ಬಿದ್ದವಳು.

“ಗೇಟಲ್ಲಿ ಕೂಗೋದು ಗಾಡಿಯವನು. ನೀವು ದೇವರು ಅಂತೀರಿ. ಪುರಾವೆ ಏನು?”

“ಅವನಿಗೆ ಬೇರೆ ಗಂಟಲು ಎಲ್ಲಿದೆ ಕಣಮ್ಮ?” ಎಂದು ನಕ್ಕು ಚೀಲ ಎತ್ತಿಕೊಂಡು ಹೊರಡುವರು. ಇದು ಉತ್ತರವೇ ಅಲ್ಲ ಎಂದು ನಾನು ಗೇಟಿನವರೆಗೂ ವಾದಿಸುತ್ತಾ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಆಕೆ ಜ್ವರದಿಂದ ಮಲಗಿದ್ದರು. ಗಂಜಿ ಕುಡಿಸಿ, ಅವರಿಗೆ ನಿದ್ದೆ ಹತ್ತಿದ ಮೇಲೆ ಹೊರಗೆ ಜಗಲಿಯಲ್ಲೇ ಓದುತ್ತಾ ಕೂತಿದ್ದೆ. ಹಿನಕಲ್‌ನಿಂದ ಒಬ್ಬ ಸೈಕಲ್ಲಿನಲ್ಲಿ ಬಂದ. ಅಂಗಿಯೆಲ್ಲ ಬೆವರು.

“ನಮ್ಮೆಂಗ್ಸು ನೆನ್ನೆಯಿಂದ ನೋವು ತಿಂತಾವ್ಳೆ ಕಣವ್ವ. ನರ್ಸಮ್ಮೋರ್ನ ಒಸಿ ಕರೀರಿ.”

“ಅವರು ಊರಲ್ಲಿಲ್ಲ. ದೊಡ್ಡಾಸ್ಪತ್ರೆಗೆ ಕರ್ಕೊಂಡೋಗಿ,” ಎಂದೆ.

ಆಕೆಯ ಮೇಲಿನ ಕನಿಕರ ಅರ್ಧ. ಇನ್ನರ್ಧ... ಕರೆಯುವವನು ದೇವರೇ ಆದರೆ ನನ್ನನ್ನು ದಾಟಿ ಒಳಗೆ ಹೋಗಲಿ, ನೋಡೋಣ ಎಂಬ ಹಟ. ಆತ ಸೈಕಲ್ ತಿರುಗಿಸಿಕೊಂಡು ಹೋದ. ಎತ್ತಿನ ಗಾಡಿ ಆಸ್ಪತ್ರೆ ಮುಟ್ಟುವ ಮೊದಲೇ, ದಾರಿಯಲ್ಲಿ, ಮಗು ಹುಟ್ಟಿತು. ತಾಯಿ ಉಳಿಯಲಿಲ್ಲ.

ಮೂರು ದಿನದ ಮೇಲೆ ಸುದ್ದಿ ಬಂತು. ಮಾಡಿದ್ದನ್ನು ನಾನೇ ನರ್ಸಮ್ಮನಿಗೆ ಹೇಳಿದೆ, ವಾದಗಳ ಸಮೇತ. ನಿಮಗೆ ಜ್ವರವಿತ್ತು, ನೀವು ಹೋಗಿದ್ದರೂ ಆಕೆ ಬದುಕುತ್ತಿದ್ದಳೆಂದು ಏನು ಖಾತ್ರಿ... ನರ್ಸಮ್ಮ ಮಡಿಸುತ್ತಿದ್ದ ಬಟ್ಟೆಯನ್ನು ಮಡಿಸಿ ಮುಗಿಸಿದರು.

“ಅದೆಲ್ಲ ಸರಿ ಕಣಮ್ಮ. ಆದ್ರೆ ಅವತ್ತು ಅವನು ಕರೆದದ್ದು ನಿನ್ನನ್ನ.”

ಮಾರನೆಯ ದಿನವೇ ಮಂಚವನ್ನು ಜಗಲಿಗೆ ಹಾಕಿಸಿಕೊಂಡರು, ತಮ್ಮ ಬದಲು ಇನ್ನೊಬ್ಬರು ಉತ್ತರ ಕೊಡಬಾರದೆಂದು. ಮಾಗಿಯ ಚಳಿಯಲ್ಲೂ ಒಳಗೆ ಹೋಗಲಿಲ್ಲ. ನಾನು ಬೇಡಿಕೊಂಡೆ, ಆಕೆಯೆದುರು ವಾದಿಸದೆ ಮಾತಾಡಿದ್ದು ಅದೇ ಮೊದಲು. ಕೆಮ್ಮು ಎದೆಗಿಳಿಯಿತು. ಸಂಕ್ರಾಂತಿಗೆ ಮುಂಚೆಯೇ ಮಣ್ಣು ಮಾಡಿ ಬಂದೆವು. ಆ ಗುಂಪಿನಲ್ಲಿ ಹಿನಕಲ್ಲಿನ ಆತನೂ ಇದ್ದ, ಮಗುವನ್ನು ಎದೆಗೊತ್ತಿಕೊಂಡು. ನನ್ನ ಗುರುತು ಹಿಡಿದು ತಲೆಬಾಗಿಸಿದ. ನಾನು ಹೇಳಿದ್ದು ಸುಳ್ಳೆಂದು ಅವನಿಗೆ ಯಾರೂ ತಿಳಿಸಿರಲಿಲ್ಲ.

ದೇವರಿಲ್ಲ ಎಂದು ಈಗಲೂ ವಾದಿಸುತ್ತೇನೆ, ಗೆಲ್ಲುತ್ತೇನೆ ಕೂಡ. ಆದರೆ ಆ ಕೆಂಪು ಸೋಪನ್ನು ಬಳಸಿಲ್ಲ, ಬಿಸಾಡಿಯೂ ಇಲ್ಲ. ಆ ಮಗು ಈಗ ಶಾಲೆಗೆ ಹೋಗುತ್ತಿರಬೇಕು. ಹಿನಕಲ್ ಏನೂ ದೂರವಲ್ಲ, ಸೈಕಲ್ಲಿನಲ್ಲಿ ಅರ್ಧ ಗಂಟೆ.

ನಾನಿನ್ನೂ ಹೋಗಿಲ್ಲ.