ಕಣ್ಣೆದುರೇ ಪುಡಿಯಾದ ಕಲ್ಲು

೨೦೦೯ರ ಮಾತು. ಮಳೆಗಾಲ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿದಿದ್ದವು. ನಾನು ತೆಕ್ಕಟ್ಟೆ, ಕುಂಭಾಶಿ ಕಡೆ ಮನೆಮನೆಗೆ ಮೀನು ಮಾರುತ್ತಿದ್ದೆ. ಒಂದು ಬೆಳಿಗ್ಗೆ ಬಂಗ್ಡೆ ತುಂಬಿದ ಹೆಡಿಗೆಯನ್ನು ತಲೆಗೇರಿಸುವಾಗ ಎಡ ಪಕ್ಕೆಯಿಂದ ಕಿಬ್ಬೊಟ್ಟೆಯವರೆಗೆ ಯಾರೋ ಹಗ್ಗ ಕಟ್ಟಿ ಎಳೆದ ಹಾಗಾಯಿತು. ರಸ್ತೆ ಬದಿಯಲ್ಲೇ ಕುಳಿತು ವಾಂತಿ ಮಾಡಿಕೊಂಡೆ.

ಆ ನೋವು ನನಗೆ ಹೊಸದಲ್ಲ, ಕಂಡು ಗೊತ್ತಿತ್ತು. ೧೯೯೭ರಲ್ಲಿ ನನ್ನ ಅಣ್ಣನಿಗೆ ಮೂತ್ರನಾಳದಲ್ಲಿ ಕಲ್ಲಾಗಿ, ಪಕ್ಕೆ ಕೊಯ್ದು ತೆಗೆದಿದ್ದರು. ಗಾಯ ಕೀವಾಗಿ, ಮಾಗುವಷ್ಟರಲ್ಲಿ ಮೀನಿನ ಕಾಲವೇ ಮುಗಿದಿತ್ತು. ಆಮೇಲೆ ಬಲೆ ಎಳೆದರೆ ಪಕ್ಕೆ ಹಿಡಿಯುತ್ತಿತ್ತು. ಕೊನೆಗೆ ಅವನು ಕಡಲು ಬಿಟ್ಟು, ದಡದಲ್ಲಿ ಕುಳಿತು ಹರಿದ ಬಲೆ ಸರಿಮಾಡುವವನಾದ. ನನಗೂ ಹಾಗೇ ಆದರೆ? ಗಂಡ ಮುಂಬೈ ಹೋಟೆಲಿನಲ್ಲಿ, ಮಗಳು ಶಾಲೆಯಲ್ಲಿ. ಹೆಡಿಗೆ ಹೊರಲಾಗದಿದ್ದರೆ ನನ್ನ ಮನೆ ನಡೆಯುವುದು ಹೇಗೆ?

ಬಾಳೆದಿಂಡಿನ ರಸ ಕುಡಿಯುತ್ತ ಕೆಲವು ವಾರ ಮುಚ್ಚಿಟ್ಟೆ. ಅಣ್ಣನಿಗೆ ಗೊತ್ತಾಗಿಯೇ ಹೋಯಿತು. ಆಸ್ಪತ್ರೆಗೆ ಹೋಗಲೇಬೇಕು ಎಂದ.

"ನಾ ಬತ್ತಿಲ್ಲೆ. ನಿನ್ನ ಕೊಯ್ದದ್ದ್ ನಾ ಕಂಡಿದೆ" ಎಂದು ಹಟ ಹಿಡಿದೆ.

"ನಂಗೂ ಹೆದ್ರಿಕೆ ಇತ್ತ್ ಹೆಣ್ಣೇ. ಆದ್ರೂ ಹೋಯ್ಕ್. ನಾನೂ ಬತ್ತೆ" ಎಂದ.

ಅದೇ ಆಸ್ಪತ್ರೆ, ಅಣ್ಣನನ್ನು ಕೊಯ್ದ ಅದೇ ಡಾಕ್ಟರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಸ್ಕ್ಯಾನ್ ನೋಡಿ, "ಕೊಯ್ಯುವುದಿಲ್ಲಮ್ಮ. ಮೂತ್ರದ ದಾರಿಯಲ್ಲೇ ಸಪೂರ ದುರ್ಬೀನು ಕಳಿಸಿ, ಲೇಸರಿನಿಂದ ಕಲ್ಲನ್ನು ಪುಡಿ ಮಾಡುತ್ತೇನೆ" ಎಂದರು. ಭಯದ ಜಾಗಕ್ಕೆ ಈಗ ನಾಚಿಕೆ ಬಂತು. ನರ್ಸಮ್ಮ ನನ್ನ ಮುಖ ನೋಡಿಯೇ, "ಮೇಲೆ ಬಟ್ಟೆ ಹೊದೆಸ್ತೆ, ಹೆದ್ರಬೇಡಿ" ಎಂದರು.

ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಸೊಂಟದಿಂದ ಕೆಳಗೆ ನಾನು ಇಲ್ಲವೇ ಇಲ್ಲ ಅನಿಸಿತು. ಮಿಕ್ಕ ನಾನು ನೀರಿನ ಮೇಲೆ ಅಂಗಾತ ಮಲಗಿ ತೇಲುತ್ತಿದ್ದೆ. ಮಾತುಗಳು ದೂರದ ದೋಣಿಯಿಂದ ಬಂದಂತೆ ಕೇಳುತ್ತಿದ್ದವು.

"ಎಚ್ಚರ ಇದ್ದೀರಾ? ಪರದೆ ನೋಡಿ" ಎಂದರು ಡಾಕ್ಟರು.

ಪಕ್ಕಕ್ಕೆ ತಿರುಗಿದೆ. ತೆಳು ಗುಲಾಬಿ ಬಣ್ಣದ ಒಂದು ಗುಹೆ. ಒಳಗೆ ತಿಳಿನೀರು ಹರಿಯುತ್ತಿತ್ತು. ಗೋಡೆಗಳು ಮೆಲ್ಲಗೆ ಉಸಿರಾಡುತ್ತಿದ್ದವು. ಮುಂದೆ ಹೋದ ಹಾಗೆ ಕಂದು ಬಣ್ಣದ ಕಲ್ಲೊಂದು ಕಾಣಿಸಿತು. ಇಷ್ಟು ದಿನ ನನ್ನನ್ನು ಅಳಿಸಿದ್ದು ಇದೇನಾ? ಅದರ ಮೇಲೆ ಸಣ್ಣ ಬೆಳಕಿನ ಚುಕ್ಕೆ ಬಿದ್ದದ್ದೇ ತಡ, ಕಲ್ಲಿನಿಂದ ಪುಡಿ ಎದ್ದು, ಕಡಲಿನ ಇಳಿತದ ಹೊತ್ತಿನಲ್ಲಿ ಕಾಲಡಿಯ ಮರಳು ಸರಿಯುವ ಹಾಗೆ ಸುತ್ತುತ್ತ ಹೋಯಿತು. ನನ್ನ ಮೈಯೊಳಗೇ ನಡೆಯುತ್ತಿದೆ ಎಂಬುದು ಮರೆತೇ ಹೋಗಿತ್ತು. ಮುಗಿಯಿತು ಎಂದಾಗ, ಇಷ್ಟು ಬೇಗವಾ ಅನಿಸಿತು.

ಮರುದಿನ ಡಾಕ್ಟರು, ಮೂತ್ರ ಸರಾಗವಾಗಿ ಇಳಿಯಲು ಒಳಗೊಂದು ಸಣ್ಣ ಕೊಳವೆ ಇಟ್ಟಿದ್ದೇನೆ, ಕೆಲವು ವಾರ ಬಿಟ್ಟು ತೆಗೆಯುತ್ತೇನೆ, ಆಮೇಲೆ ನಿಧಾನಕ್ಕೆ ಕೆಲಸ ಮಾಡಬಹುದು ಎಂದರು. ಆಗ ಅಣ್ಣ ಮೆಲ್ಲಗೆ ಅಂಗಿ ಎತ್ತಿ ಪಕ್ಕೆ ತೋರಿಸಿದ.

"ಇದ್ ನೀವೇ ಕೊಯ್ದದ್ದ್ ಡಾಕ್ಟ್ರೇ. ಆಗ್ಳಿಗೆ ಹೀಂಗ್ ಮಾಡುಕೆ ಆತಿರ್ಲಿಲ್ಯಾ?"

ಡಾಕ್ಟರು ಆ ಉದ್ದ ಗಾಯದ ಗೆರೆಯ ಮೇಲೆ ಬೆರಳಾಡಿಸಿದರು.

"ಆಗ ನನಗೆ ಬರುತ್ತಿದ್ದದ್ದು ಇದೊಂದೇ. ಇಲ್ಲಿ ಯಂತ್ರವೂ ಇರಲಿಲ್ಲ. ಆಮೇಲೆ ನನಗಿಂತ ಕಿರಿಯರ ಪಕ್ಕದಲ್ಲಿ ನಿಂತು ಮೊದಲಿಂದ ಕಲಿತೆ. ಕೈಯಲ್ಲಿ ಮುಟ್ಟಿ ಹುಡುಕುತ್ತಿದ್ದವನು ಪರದೆ ನೋಡಿ ಹುಡುಕಬೇಕಾಯಿತು" ಎಂದರು.

ಅಣ್ಣ ಅಂಗಿ ಇಳಿಸಿದ. "ಕಲ್ತದ್ದ್ ಒಳ್ಳೇದಾಯ್ತ್" ಎಂದ. ಅಷ್ಟೇ.

ಊರಿಗೆ ಮರಳುವಾಗ, ಬಸ್ಸು ಬ್ರಹ್ಮಾವರ ದಾಟಿದ ಮೇಲೆ ಅವನು, "ಒಳ್ಗ್ ಎಂತ ಕಂಡ್ತ್? ಹೇಳ್ ಕಾಂಬೊ" ಎಂದು ಕೇಳಿದ. ಕುಂದಾಪುರದವರೆಗೂ ಹೇಳಿದೆ. ಕಣ್ಣು ಮುಚ್ಚಿ ಕೇಳಿದ. ನಡುನಡುವೆ "ಮತ್ತೆ?" ಎನ್ನುತ್ತಿದ್ದ.

ನನ್ನೊಳಗೆ ಅಷ್ಟು ಚಂದದ ಜಾಗವಿದೆ ಎಂಬುದು ನೆನಪಾದರೆ ಈಗಲೂ ಕೆಲಸದ ನಡುವೆ ಒಂದು ಗಳಿಗೆ ನಿಂತುಬಿಡುತ್ತೇನೆ. ಅಣ್ಣನಿಗೆ ಅದು ನೋಡಲು ಸಿಗಲಿಲ್ಲವಲ್ಲ ಎಂಬ ಸಂಕಟವೂ ಅದರ ಜೊತೆಗೇ ಬರುತ್ತದೆ.