ಫ್ರೆಂಚ್ ಸೇನಾನಿಯೂ ಪಕ್ಕದ ಫ್ಲ್ಯಾಟಿನ ಮುದುಕನೂ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಲಂಡನ್ನಿನ ಕೆಂಟನ್‌ನಿಂದ ಬಸ್ಸು ಹಿಡಿದು ಕೌನ್ಸಿಲ್‌ನ ಸಂಜೆ ಇತಿಹಾಸ ತರಗತಿಗೆ ಹೋಗುತ್ತಿದ್ದೆ. ಧಾರವಾಡದಲ್ಲಿ ಎಂ.ಎ. ಮಾಡಿದ್ದ ನಾನು ಇಲ್ಲಿ ಬರೀ ಡಾಕ್ಟರ ಹೆಂಡತಿ. ತರಗತಿಯಲ್ಲಿ ಕನ್ನಡ ಬಲ್ಲವಳು ಇನ್ನೊಬ್ಬಳೇ: ಉಡುಪಿ ಕಡೆಯ ಕೊಂಕಣಿ ಕ್ರೈಸ್ತಳು, ಗ್ರೀನ್‌ಫರ್ಡಿನ ಗೋದಾಮೊಂದರಲ್ಲಿ ಪ್ಯಾಕಿಂಗ್ ಕೆಲಸದಲ್ಲಿದ್ದವಳು.

ಯುದ್ಧಕಾಲದಲ್ಲಿ ಲಂಡನ್ನಿಗೆ ಬಂದು, ಸೋತ ತನ್ನ ದೇಶಕ್ಕೆ ರೇಡಿಯೋದಲ್ಲಿ ಧೈರ್ಯ ಹೇಳಿ, ಮುಂದೆ ಅಧ್ಯಕ್ಷನಾದ ಫ್ರೆಂಚ್ ಸೇನಾನಿಯನ್ನು ಇಂದು ಹೇಗೆ ಅಳೆಯಬೇಕು? ಇದು ಪ್ರಬಂಧದ ವಿಷಯ. ಚಿಕ್ಕಂದಿನಿಂದಲೂ ಅವನು ನನ್ನ ಹೀರೋ. ತಿಂಗಳಿಡೀ ಲೈಬ್ರರಿಯಲ್ಲಿ ಕೂತು ಬರೆದೆ.

ಅವಳು ತನ್ನದನ್ನು ತಂದುಕೊಟ್ಟಳು. "ಸ್ಪೆಲ್ಲಿಂಗ್ ಒಂಚೂರು ನೋಡಿ ಮಾರಾಯ್ರೆ."

ಮೊದಲ ಪುಟ ಸಾಧಾರಣ. ಎರಡನೆಯದರಲ್ಲಿ ಅವಳ ಪಕ್ಕದ ಫ್ಲ್ಯಾಟಿನ ಅಲ್ಜೀರಿಯಾದ ಮುದುಕನಿದ್ದ. ಅಲ್ಲಿನ ಸ್ವಾತಂತ್ರ್ಯ ಹೋರಾಟದಲ್ಲಿ, ಆಳುತ್ತಿದ್ದ ಫ್ರೆಂಚರ ಪರವಾಗಿ ತನ್ನವರ ಮೇಲೆಯೇ ಬಂದೂಕು ಹಿಡಿದವನು. ಸೇನಾನಿ ಅಲ್ಜೀರಿಯಾವನ್ನು ಬಿಟ್ಟುಕೊಟ್ಟಾಗ ಇಂಥವರನ್ನು ಅಲ್ಲೇ ಬಿಟ್ಟುಹೋದರು. ಇವನ ಅಣ್ಣನನ್ನು ದ್ರೋಹಿಯೆಂದು ಊರವರೇ ಕೊಂದರು. ಆದರೂ ಇವನ ಗೋಡೆಯ ಮೇಲೆ ಸೇನಾನಿಯ ಫೋಟೋ ಇದೆಯಂತೆ.

ಆ ಪುಟವನ್ನು ಎರಡು ಸಲ ಓದಿದೆ. ಅಷ್ಟು ಪುಸ್ತಕ ಓದಿದ ನನಗೆ ಸಿಗದ್ದು, ಮುದುಕನಿಗೆ ಮೀನುಸಾರು ಕೊಡಲು ಹೋದಾಗ ಇವಳಿಗೆ ಸಿಕ್ಕಿತ್ತು.

"ಇದು ಇತಿಹಾಸ ಅಲ್ರೀ, ಓಣಿ ಸುದ್ದಿ," ಎಂದೆ. "ತಗದ ಬಿಡ್ರಿ."

ನನ್ನ ಮಾತು ನಂಬಿ ತೆಗೆದಳು.

ತರಗತಿಯಲ್ಲಿ ಮೇಷ್ಟ್ರು ನನ್ನ ಪ್ರಬಂಧವನ್ನು ಹೊಗಳಿದರು, ಅವಳದ್ದಕ್ಕೆ ತಲೆಯಾಡಿಸಿದರಷ್ಟೆ. ಗೆದ್ದೆ ಅನ್ನಿಸಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಯಾರೋ, ಅಲ್ಜೀರಿಯಾದಿಂದ ಸೇನಾನಿ ಕೈಗೆ ಮಸಿ ಹತ್ತದಂತೆ ಹೊರಬಂದ ಎಂದರು. ಅವಳಿಗೆ ತಡೆಯಲಾಗಲಿಲ್ಲ. ಎಡವುತ್ತ ಎಡವುತ್ತ, ಇಂಗ್ಲಿಷಿನಲ್ಲಿ ಮುದುಕನ ಕತೆಯನ್ನೆಲ್ಲ ಹೇಳಿಬಿಟ್ಟಳು. ಕುರ್ಚಿಗಳು ಅವಳ ಕಡೆ ತಿರುಗಿದವು.

"ಮತ್ತೆ ಫೋಟೋ ಯಾಕೆ?" ಎಂದರು ಮೇಷ್ಟ್ರು.

"ನೀನೂ ಫ್ರೆಂಚನೇ ಅಂತ ಅವನಿಗೆ ಹೇಳಿದವರು ಈ ಸೇನಾನಿಯೊಬ್ಬರೇ ಅಂತೆ. ಹೇಳಿ ಮರೆತವರೂ ಇವರೇ ಅಂತೆ."

"ಇದನ್ನೇಕೆ ಬರೆಯಲಿಲ್ಲ?"

ಅವಳು ನನ್ನತ್ತ ನೋಡಲೂ ಇಲ್ಲ. "ಮರೆತೆ," ಎಂದಳು.

ಬಸ್‌ಸ್ಟಾಪಿನಲ್ಲಿ ಅವಳೇ ಮಾತು ತೆಗೆದಳು. "ನೀವು ಬೇಡ ಅಂತ ಹೇಳಿದ್ದಲ್ವಾ, ನನ್ನ ಬಾಯಿ ಕೇಳ್ಲಿಲ್ಲ. ಬೇಜಾರಾಯ್ತಾ?"

ಛಲೋ ಹೇಳಿದ್ರಿ ಎನ್ನಲು ನಾಲಿಗೆ ಹೊರಳಲಿಲ್ಲ. "ಬಸ್ ಬಂತ ನೋಡ್ರಿ," ಎಂದೆ.

ಮುಂದಿನ ಟರ್ಮಿಗೆ ನಾನು ಸೇರಲಿಲ್ಲ. ಕೆಲವು ವರ್ಷಗಳ ನಂತರ, ಅವಳು ಡಿಗ್ರಿ ಮುಗಿಸಿದಳೆಂದು ಸೌತ್‌ಹಾಲಿನ ತರಕಾರಿ ಅಂಗಡಿಯಲ್ಲಿ ಪರಿಚಯದವರೊಬ್ಬರು ಹೇಳಿದರು. "ಛಲೋ ಆತು," ಎಂದೆ, ಮುಖವನ್ನು ಬೆಂಡೆಕಾಯಿಯ ಕಡೆಯೇ ಇಟ್ಟುಕೊಂಡು.